ಜಾನಕಿ, ಸುಮಿತ್ರಾ, ವಾಣಿ, ಪಲ್ಲವಿ, ಶ್ರೇಯಾ: ನಿಮ್ಮ ಮೆಚ್ಚಿನ ದನಿ ಯಾವುದು, ಯಾಕೆ?

ತುಂಗಾತೀರ (ತೀರ್ಥಹಳ್ಳಿ)

ಗಾಯಕಿಯರ ಮಾತು ಬಂದಾಗೆಲ್ಲ "ಹಳೇದೇ ಬಂಗಾರ" ಅಂತ ಒಂದು ಗುಂಪು, "ಕಾಲಕ್ಕೆ ತಕ್ಕ ಹಾಗೆ" ಅಂತ ಇನ್ನೊಂದು ಗುಂಪು, ಅಲ್ಲಿಗೆ ಚರ್ಚೆ ಮುಗೀತು. ಇಲ್ಲಿ ಹಾಗಾಗೋದು ಬೇಡ. ದನಿಯ ಯಾವ ಗುಣ ಹಿಡಿಸ್ತು, ಅದು ಯಾವ ಹಾಡಲ್ಲಿ ಕೇಳಿಸುತ್ತೆ, ಅಷ್ಟನ್ನು ಬರೆಯಿರಿ. ಮೊದಲು ನನ್ನದು.

ಎಸ್. ಜಾನಕಿ. ಉಳಿದವರೆಲ್ಲ ಆಮೇಲೆ. ಎಲ್ಲರೂ 'ಗೆಜ್ಜೆಪೂಜೆ'ಯ (1969) 'ಗಗನವು ಎಲ್ಲೋ ಭೂಮಿಯು ಎಲ್ಲೋ' ಹೇಳ್ತಾರೆ. ನಾನು 'ಸನಾದಿ ಅಪ್ಪಣ್ಣ'ದ (1977) 'ಕರೆದರೂ ಕೇಳದೆ' ಹಿಡ್ಕೊಳ್ತೀನಿ. ಜಿ.ಕೆ. ವೆಂಕಟೇಶ್ ಸಂಗೀತ, ಜೊತೆಗೆ ಬಿಸ್ಮಿಲ್ಲಾ ಖಾನರ ಶಹನಾಯಿ. ಶಹನಾಯಿಗೆ ಹಾರ್ಮೋನಿಯಂ ಥರ ಮೆಟ್ಟಿಲಿಲ್ಲ, ಸ್ವರದಿಂದ ಸ್ವರಕ್ಕೆ ಜಾರಿಕೊಂಡೇ ಹೋಗಬಹುದು. ಅಂಥ ವಾದ್ಯ ಪಕ್ಕದಲ್ಲಿದ್ದಾಗ ಹಾಡುವವರ ಜಾರು ಎಲ್ಲಿ ಒರಟಾಯ್ತು ಅಂತ ಕೂಡಲೇ ಗೊತ್ತಾಗಿಬಿಡುತ್ತೆ. ಜಾನಕಿಯವರ ಜಾರಿನಲ್ಲಿ ಹಾಗೆ ಬೆರಳಿಟ್ಟು ತೋರಿಸುವ ಜಾಗ ಒಂದೂ ಸಿಗಲ್ಲ.

ಬಿ.ಕೆ. ಸುಮಿತ್ರಾ: 'ಉಪಾಸನೆ'ಯ (1974) 'ಸಂಪಿಗೆ ಮರದ ಹಸಿರೆಲೆ ನಡುವೆ'. ದನಿ ನಡುಗಿಸೋದಿಲ್ಲ, ಸಾಲಿನ ಕೊನೆಯಲ್ಲಿ ಅಲಂಕಾರ ಸುತ್ತೋದಿಲ್ಲ. ಮಕ್ಕಳಿಗೆ ಭಾವಗೀತೆ ಕಲಿಸುವವರು ಮೊದಲು ಕೇಳಿಸಬೇಕಾದ ದನಿ ಇದು.

ವಾಣಿ ಜಯರಾಂ: 'ಶುಭಮಂಗಳ'ದ (1975) 'ಈ ಶತಮಾನದ ಮಾದರಿ ಹೆಣ್ಣು'. ಲಯ ಎಷ್ಟೇ ಚುರುಕಾಗಿರಲಿ, ಅಕ್ಷರ ಒಂದರ ಮೇಲೊಂದು ಬೀಳೋದಿಲ್ಲ.

ಈಗಿನವರಲ್ಲಿ ಎಂ.ಡಿ. ಪಲ್ಲವಿ, ಕೆಳಗಿನ ಸ್ಥಾಯಿಯಲ್ಲೂ ಮಾತು ಸ್ಪಷ್ಟ ಇರೋದಕ್ಕೆ. ಅನನ್ಯ ಭಟ್, 'ಕೆಜಿಎಫ್' (2018) ಹಾಡುಗಳಲ್ಲಿ ಅಷ್ಟೊಂದು ನಗಾರಿಗಳ ಮೇಲೂ ಎದೆಯ ದನಿ ನಿಲ್ಲಿಸಿದ್ದಕ್ಕೆ.

ನನ್ನ ತಕರಾರು ಒಂದೇ. ಗಾಯಕಿಯರು ಕಡಿಮೆಯಾಗಿಲ್ಲ, ಹಾಡಿನಲ್ಲಿ ಅವರಿಗೆ ಸಿಗೋ ಜಾಗ ಕಡಿಮೆಯಾಗಿದೆ. ಇಡೀ ಹಾಡು ನಾಯಕಂದು, ಮಧ್ಯದಲ್ಲಿ ನಾಲ್ಕು ಸಾಲು ಹೆಣ್ಣುದನಿ, ಅದೂ ಪಿಸುಮಾತಿನ ಹಾಗೆ. ಹೀಗ್ಯಾಕಾಯ್ತು, ತಿಳಿದವರು ಹೇಳಿ.

ಮುಂಗಾರು_ಪ್ಲೇಲಿಸ್ಟ್ (ಶಿವಮೊಗ್ಗ)

ಪಿಸುಮಾತು ಅಂತ ತಳ್ಳಿಹಾಕೋದು ನ್ಯಾಯ ಅಲ್ಲ ಅಣ್ಣ. 'ಮುಂಗಾರು ಮಳೆ'ಯ (2006) 'ಅರಳುತಿರು ಜೀವದ ಗೆಳೆಯ' ಕೇಳಿ. ಶ್ರೇಯಾ ಘೋಷಾಲ್ ಅಲ್ಲಿ ದನಿ ತಗ್ಗಿಸಿದ್ದು ಶಕ್ತಿ ಸಾಲದೆ ಅಲ್ಲ. ಮನೋಮೂರ್ತಿ ಹಾಕಿದ ರಾಗವೇ ಪಕ್ಕದಲ್ಲಿ ಕೂತವರಿಗೆ ಹೇಳೋ ಮಾತಿನ ಅಳತೆಯಲ್ಲಿದೆ. ಸಣ್ಣ ದನಿಯಲ್ಲೂ ಶ್ರುತಿ ಒಂದು ಎಳೆ ಜಾರದ ಹಾಗೆ ಹಿಡಿಯೋದು ಜೋರಾಗಿ ಹಾಡೋದಕ್ಕಿಂತ ಕಷ್ಟ. ದನಿ ತಗ್ಗಿದಾಗ ಉಸಿರಿನ ಒತ್ತಡವೂ ತಗ್ಗುತ್ತೆ, ಆಗ ಸ್ವರ ಕೆಳಗೆ ಕೂರೋದೇ ಹೆಚ್ಚು.

"ಹೊರಗಿನವರು ಬಂದು ಕನ್ನಡ ಕೆಡಿಸಿದ್ರು" ಅಂತ ಮುಂದಿನ ಮಾತು ಬರುತ್ತೆ, ಅದಕ್ಕೆ ಈಗಲೇ ಹೇಳಿಬಿಡ್ತೀನಿ: ಜಾನಕಿಯವರ ಮನೆಮಾತು ತೆಲುಗು, ವಾಣಿ ಜಯರಾಂ ಹುಟ್ಟಿದ್ದು ವೆಲ್ಲೂರಿನಲ್ಲಿ.

ಕಪ್ಪು_ನಾಲ್ಕು (ಸಾಗರ)

ಹೊರಗಿನವರು ಅನ್ನೋದು ಕಾರಣ ಅಲ್ಲ, ಸಾಹಿತ್ಯದ ಕಾಗದ ಕಾರಣ. ಮುಂಬೈ ಕಡೆಯ ಗಾಯಕಿಗೆ ಹಾಡಿನ ಮಾತನ್ನು ಹೆಚ್ಚಾಗಿ ನಾಗರಿ ಲಿಪಿಯಲ್ಲಿ ಬರೆದುಕೊಡ್ತಾರೆ. ಹಿಂದಿ ಬರೆಯುವ ನಾಗರಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬೇರೆಯಾಗಿ ಇಲ್ಲ. 'ಎಲ್ಲಿ' ಇದ್ದದ್ದು 'ಏಲ್ಲಿ' ಆಗುತ್ತೆ, 'ಒಲವು' ಹೋಗಿ 'ಓಲವು' ಆಗುತ್ತೆ. ಅದರ ಮೇಲೆ ಳಕಾರ ಲಕಾರ ಆಗುತ್ತೆ. ಇಷ್ಟು ಸಾಕು, ಕಿವಿಗೆ ಪರದೇಶಿ ಅನಿಸೋದಕ್ಕೆ. ದಕ್ಷಿಣದ ನಾಲ್ಕೂ ಭಾಷೆಯಲ್ಲಿ ಹ್ರಸ್ವ–ದೀರ್ಘದ ಈ ಭೇದ ಇದೆ. ಹಾಗಾಗಿ ಜಾನಕಿ, ಸುಶೀಲಾ, ವಾಣಿ ಅವರಿಗೆ ಇದು ಹೊಸದಾಗಿ ಕಲಿಯೋ ವಿಷಯವೇ ಆಗಿರಲಿಲ್ಲ.

ಸರಿಮಾಡೋದು ಕಷ್ಟ ಏನಿಲ್ಲ. ಮಾತನ್ನು ರಾಗವಿಲ್ಲದೆ ಓದಿಸಿ ರೆಕಾರ್ಡ್ ಮಾಡಿ ಮೊದಲೇ ಕಳಿಸಬೇಕು, ಹ್ರಸ್ವ ಎ–ಒ ಇರೋ ಕಡೆ ಬೇರೆ ಬಣ್ಣದ ಗುರುತು ಹಾಕಬೇಕು, ಧ್ವನಿಮುದ್ರಣದ ದಿನ ಕನ್ನಡ ಬಲ್ಲ ಒಬ್ಬರು ಹೆಡ್‌ಫೋನ್ ಹಾಕಿ ಕೂತು ಸಾಲುಸಾಲಿಗೂ ನಿಲ್ಲಿಸಬೇಕು. ಶ್ರೇಯಾ ಅವರ ಒಳ್ಳೆಯ ಕನ್ನಡ ಹಾಡುಗಳಲ್ಲಿ ಉಚ್ಚಾರ ಎಷ್ಟು ಶುದ್ಧ ಇದೆ ಅಂದ್ರೆ ಈ ಕೆಲಸ ಮಾಡಿದರೆ ಆಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ತುಂಗಾತೀರ ಕೇಳಿದ ಪಿಸುಮಾತಿನ ಪ್ರಶ್ನೆ. ಅದಕ್ಕೆ ಶ್ರುತಿಯ ಲೆಕ್ಕ ನೋಡಬೇಕು. ಗಂಡಸರು ಸಾಧಾರಣ ಕಪ್ಪು ಒಂದರಲ್ಲಿ ಹಾಡ್ತಾರೆ, ಅಂದರೆ ಹಾರ್ಮೋನಿಯಂ ಸಪ್ತಕದ ಮೊದಲ ಕಪ್ಪು ಕೀ ಅವರ ಷಡ್ಜ (ಸ). ಹೆಂಗಸರು ಕಪ್ಪು ನಾಲ್ಕರಲ್ಲಿ. ಹಾರ್ಮೋನಿಯಂನಲ್ಲಿ ಕಪ್ಪು–ಬಿಳಿ ಎರಡನ್ನೂ ಎಣಿಸಿದರೆ ನಡುವೆ ಏಳು ಕೀ ಅಂತರ. ಯುಗಳಗೀತೆಗೆ ಷಡ್ಜ ಒಂದೇ. ಗಂಡಸಿಗೆ ಹೊಂದುವ ಹಾಗೆ ಕಪ್ಪು ಒಂದಕ್ಕೆ ಇಟ್ಟರೆ ಹೆಣ್ಣಿಗೆ ಎರಡೇ ದಾರಿ: ಒಂದು ಸ್ಥಾಯಿ ಮೇಲೆ ಹಾಡಬೇಕು, ಇಲ್ಲ ಅವನ ಸ್ವರದಲ್ಲೇ ಕೆಳಗೆ ಹಾಡಬೇಕು. ರಾಜನ್–ನಾಗೇಂದ್ರ, ವಿಜಯಭಾಸ್ಕರ್ ಕಾಲದಲ್ಲಿ ಮೇಲಿನ ದಾರಿ ಹಿಡೀತಿದ್ರು. ಅದಕ್ಕೇ ಆ ಯುಗಳಗೀತೆಗಳಲ್ಲಿ ಹೆಣ್ಣುದನಿ ಅಷ್ಟು ಎತ್ತರ. ಅದು ಗಾಯಕಿಗೆ ಭಾರ ಆಗದ ಹಾಗೆ ಅವಳ ಚರಣದ ಧಾಟಿಯನ್ನೇ ಸ್ವಲ್ಪ ಬದಲಿಸಿ ನಡುಸ್ಥಾಯಿಯಲ್ಲಿ ಕೂರಿಸೋರು. ಈಗ ಹೆಚ್ಚಿನ ಕಡೆ ಕೆಳಗಿನ ದಾರಿ. ಅವನ ಸ್ವರದಲ್ಲೇ ಹಾಡು ಅಂದರೆ ಹೆಣ್ಣಿನ ಗಂಟಲಿಗೆ ಅದು ಮಂದ್ರ. ಅಲ್ಲಿ ಪೂರ್ತಿ ದನಿ ಹುಟ್ಟೋದಿಲ್ಲ, ಉಸಿರು ಬೆರೆತ ದನಿಯೇ ಬರೋದು. ಬೇಕು ಅಂತ ಪಿಸುಗುಟ್ಟಿದರೆ ಸರಿ. ಬೇರೆ ದಾರಿ ಇಲ್ಲದೆ ಪಿಸುಗುಟ್ಟಿಸೋದು ತಪ್ಪು.

ಮೈಕ್_ಭದ್ರಾವತಿ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ತುದಿ ಸೇರಿಸ್ತೀನಿ. ಉಸಿರುದನಿ ಸ್ಟುಡಿಯೋದಲ್ಲಿ ನಡೆಯೋದು ಕಂಪ್ರೆಸರ್‌ನಿಂದ. ಜೋರಾದ ಕಡೆ ತಗ್ಗಿಸಿ, ಆಮೇಲೆ ಒಟ್ಟು ಮಟ್ಟವನ್ನೇ ಎತ್ತಿದರೆ ಪಿಸುಮಾತೂ ಪೂರ್ತಿ ದನಿಯಷ್ಟೇ ಮುಂದೆ ಬರುತ್ತೆ. ಅದೇ ಹಾಡನ್ನು ರಾಜ್ಯೋತ್ಸವಕ್ಕೋ ಗಣಪತಿ ಪೆಂಡಾಲಿಗೋ ತಂದು ಹುಡುಗಿ ಹಾಗೇ ಹಾಡಿದರೆ ಮೈಕಿಗೆ ಸಿಗೋದು ಗಾಳಿ ಮಾತ್ರ. ಸಾಲಲ್ಲ ಅಂತ ಗೇನ್ ಏರಿಸ್ತಾರೆ, ಬಾಕ್ಸ್ ಕೂಗುತ್ತೆ, ಹುಡುಗಿ ಹೆದರಿ ಮೈಕ್ ದೂರ ಹಿಡೀತಾಳೆ. ದೂರ ಎರಡರಷ್ಟಾದರೆ 6 ಡೆಸಿಬೆಲ್ ಹೋಯ್ತು. ಮತ್ತೆ ಗೇನ್ ಏರಿಸ್ತಾರೆ, ಮತ್ತೆ ಕೂಗು.

ಪರಿಹಾರ ಮೈಕಿನಲ್ಲಿಲ್ಲ, ಶ್ರುತಿಯಲ್ಲಿದೆ. ಇಂಥ ಹಾಡನ್ನು ವೇದಿಕೆಗೆ ಎರಡು ಕೀ ಮೇಲೆ ತಗೊಳ್ಳಿ. ಗಂಟಲು ತಾನಾಗಿ ತೆರೆದುಕೊಳ್ಳುತ್ತೆ. ಮೈಕ್ ಬಾಯಿಂದ ಮೂರು ಬೆರಳು ದೂರ, ತುಸು ಓರೆಯಾಗಿ, ಆಗ ಪ–ಬ–ಭ ಅಕ್ಷರಕ್ಕೆ ಗಾಳಿ ಬಡಿಯಲ್ಲ. ಮಿಕ್ಸರ್‌ನಲ್ಲಿ 100 ಹರ್ಟ್ಜ್ ಕೆಳಗೆ ಕಡಿದುಬಿಡಿ, ಹೆಣ್ಣುದನಿಗೆ ಅಲ್ಲಿ ಏನೂ ಇಲ್ಲ, ಬರೀ ವೇದಿಕೆಯ ಹೆಜ್ಜೆಸದ್ದು. ದನಿ ಚುಚ್ಚಿದರೆ 3 ಕಿಲೋಹರ್ಟ್ಜ್ ಸುತ್ತ 2–3 ಡೆಸಿಬೆಲ್ ತಗ್ಗಿಸಿ, ಅದಕ್ಕಿಂತ ಹೆಚ್ಚು ತೆಗೆದರೆ ಮಾತು ಮಬ್ಬಾಗುತ್ತೆ.

ಮತ್ತೆ ಈ ಎಕೋ. ದಯವಿಟ್ಟು ಕಡಿಮೆ ಮಾಡಿ ಮಾರಾಯ್ರೆ. ಕನ್ನಡದಲ್ಲಿ ಹೆಜ್ಜೆಗೊಂದು ಒತ್ತಕ್ಷರ. 'ಬೆಳ್ಳಕ್ಕಿ' ಅನ್ನೋ ಪದ ಎಕೋದಲ್ಲಿ ಹಾದು ಬಂದರೆ ಒಂದು ಒತ್ತೂ ಉಳಿಯಲ್ಲ. ಕಲ್ಯಾಣಮಂಟಪದ ಕಾಂಕ್ರೀಟ್ ಗೋಡೆ ತಾನೇ ಸಾಕಷ್ಟು ಅನುರಣನೆ ಕೊಡುತ್ತೆ, ಅಲ್ಲಿ ಮಿಕ್ಸರ್‌ನದು ಪೂರ್ತಿ ಬಂದ್ ಇರಲಿ.

ಮುಂಗಾರು_ಪ್ಲೇಲಿಸ್ಟ್ (ಶಿವಮೊಗ್ಗ)

ಶ್ರುತಿ ತಿದ್ದುವ ಆಟೋಟ್ಯೂನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಈಗಿನ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟೋದು ಸರಿಯಾ?

ಮೈಕ್_ಭದ್ರಾವತಿ

ಸರಿಯಲ್ಲ. ಆ ತಂತ್ರಾಂಶ 1997ರಲ್ಲಿ ಬಂದದ್ದು, ಅದು ಒಂದು ಉಪಕರಣ ಅಷ್ಟೇ. ಕೆಡೋದು ಅದರ ವೇಗ ಇಟ್ಟುಕೊಳ್ಳುವ ರೀತಿಯಿಂದ. ತಿದ್ದುವ ವೇಗ ಸೊನ್ನೆಗೆ ಇಟ್ಟರೆ ದನಿ ಹತ್ತಿರದ ಸ್ವರಕ್ಕೆ ತಕ್ಷಣ ಹಾರುತ್ತೆ. ಜಾರು, ಕಂಪನ ಎಲ್ಲ ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತೆ. ಕುಣಿಯೋ ಹಾಡಿಗೆ ಅದೇ ಬೇಕಾದರೆ ಇಟ್ಟುಕೊಳ್ಳಲಿ. ಭಾವಗೀತೆಗೆ ಹಾಗೆ ಮಾಡಿದರೆ ಹಾಡಿನ ಜೀವವೇ ಹೋಗುತ್ತೆ. ಪೂರ್ತಿ ಟ್ರ್ಯಾಕಿಗೆ ಹಾಕೋದೇ ಬೇಡ. ಸಾಲಿನ ಕೊನೆಯಲ್ಲಿ ನಿಲ್ಲುವ ಸ್ವರ ಕುಸಿದಿದ್ದರೆ ಅದೊಂದನ್ನು ಕೈಯಿಂದ ಎತ್ತಿ. ಜಾರುವ ಜಾಗ ಮುಟ್ಟಬೇಡಿ.

ಹಳೇ_ಕ್ಯಾಸೆಟ್ (ಹೊಸನಗರ)

ಎಲ್ಲರೂ ದನಿ ಹೋಲಿಸ್ತಾ ಇದೀರಿ, ಯಾವ ಪ್ರತಿ ಕೇಳಿ ಹೋಲಿಸ್ತಾ ಇದೀರಿ ಅಂತ ಯಾರೂ ಹೇಳ್ತಿಲ್ಲ. ಹಳೆ ಗಾಯಕಿಯರ ದನಿ "ತೆಳು", "ಕೀರಲು" ಅಂತ ಎಷ್ಟೋ ಮಂದಿ ಬರೀತಾರೆ. ಎಷ್ಟೋ ಸಲ ದೋಷ ಗಂಟಲಿನದಲ್ಲ, ಕ್ಯಾಸೆಟ್ಟಿನಿಂದ ಇಂಟರ್ನೆಟ್ಟಿಗೆ ಹಾಕಿದವರ ಟೇಪ್ ರೆಕಾರ್ಡರಿನದು.

ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. ಬೆಲ್ಟ್ ಸಡಿಲಾದ ಟೂ–ಇನ್–ಒನ್‌ನಲ್ಲಿ ರೇಡಿಯೋದಿಂದ ತುಂಬಿಸಿಕೊಂಡ ಟೇಪನ್ನು ಸರಿಯಾದ ಡೆಕ್‌ನಲ್ಲಿ ಹಾಕಿದರೆ ಅದು ವೇಗವಾಗಿ ಓಡುತ್ತೆ, ಶ್ರುತಿ ಮೇಲೇರುತ್ತೆ. ಹೆಚ್ಚುಕಡಿಮೆ 6 ಶೇಕಡ ವೇಗ ಅಂದರೆ ಒಂದು ಪೂರ್ತಿ ಕೀ. 3 ಶೇಕಡ ಅಂದರೆ ಎರಡು ಕೀ ನಡುವೆ, ಯಾವ ಹಾರ್ಮೋನಿಯಮ್ಮಿಗೂ ಕೂರಲ್ಲ. ಬರೀ ಶ್ರುತಿ ಅಲ್ಲ, ದನಿಯ ಬಣ್ಣವೇ ತೆಳುವಾಗುತ್ತೆ, ಉಸಿರು ಗಡಿಬಿಡಿ ಆಗುತ್ತೆ. ಅದನ್ನು ಕೇಳಿ ಜಾನಕಿಯವರಿಗೂ ಪಲ್ಲವಿಯವರಿಗೂ ತೂಕ ಹಾಕೋದು ಹೇಗೆ?

ಕಂಡುಹಿಡಿಯೋ ಕ್ರಮ ಹೇಳ್ತೀನಿ. ಮನೆ ಕರೆಂಟಿನ ಗುಂಯ್ ಸದ್ದು 50 ಹರ್ಟ್ಜ್. ಟೇಪ್ ತುಂಬಿಸುವಾಗ ಅದೂ ಸೇರಿಕೊಂಡಿರುತ್ತೆ. ಆಡಾಸಿಟಿ ಅನ್ನೋ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಡು ಶುರುವಾಗೋ ಮೊದಲಿನ ಖಾಲಿ ಜಾಗ ಆರಿಸಿ, 'ಪ್ಲಾಟ್ ಸ್ಪೆಕ್ಟ್ರಮ್' ತೆರೆಯಿರಿ. ಗಾತ್ರ 65536ಕ್ಕೆ ಇಡಿ. 4096ರಲ್ಲಿ ಬಿಟ್ಟರೆ ಗೆರೆಗಳ ಅಂತರವೇ ಸುಮಾರು 11 ಹರ್ಟ್ಜ್, ಅದರಲ್ಲಿ 50 ಯಾವುದು 53 ಯಾವುದು ತಿಳಿಯಲ್ಲ. 65536ರಲ್ಲಿ ಅಂತರ ಒಂದು ಹರ್ಟ್ಜ್‌ಗಿಂತ ಕಡಿಮೆ. ಅಷ್ಟುದ್ದದ ಗಾತ್ರಕ್ಕೆ ಒಂದೂವರೆ ಸೆಕೆಂಡಾದರೂ ಖಾಲಿ ಜಾಗ ಬೇಕು. ಗುಂಯ್ ಸದ್ದಿನ ಮೊನೆ 53ರಲ್ಲಿ ಸಿಕ್ಕಿತು ಅಂತಿಟ್ಟುಕೊಳ್ಳಿ. 50 ಭಾಗಿಸು 53, ಅಂದರೆ ಮೈನಸ್ 5.66 ಶೇಕಡ. 'ಚೇಂಜ್ ಸ್ಪೀಡ್'ನಲ್ಲಿ ಅದನ್ನು ಕೊಡಿ. 'ಚೇಂಜ್ ಪಿಚ್' ಬೇಡ: ಅದು ಶ್ರುತಿ ಇಳಿಸುತ್ತೆ, ಲಯ ಹಾಗೇ ಬಿಡುತ್ತೆ. ಇಲ್ಲಿ ಎರಡೂ ಕೆಟ್ಟಿದೆ, ಎರಡೂ ಒಟ್ಟಿಗೆ ಇಳಿಯಬೇಕು.

ಒಂದು ಎಚ್ಚರಿಕೆ. ಕಂಪ್ಯೂಟರಿಗೆ ತುಂಬಿಸುವಾಗಲೂ ಗುಂಯ್ ಸದ್ದು ಸೇರಬಹುದು, ಅದು ಸರಿಯಾಗಿ 50ರಲ್ಲೇ ಇರುತ್ತೆ. ಆಗ ಎರಡು ಮೊನೆ ಕಾಣುತ್ತೆ. ಅಳೆಯಬೇಕಾದ್ದು 50ರಲ್ಲಿ ಇಲ್ಲದ್ದನ್ನು.

ತುಂಗಾತೀರ (ತೀರ್ಥಹಳ್ಳಿ)

ಇದು ಗೊತ್ತೇ ಇರಲಿಲ್ಲ. ಹಾಡು ಕಂಪನಿ ಕ್ಯಾಸೆಟ್ಟಾಗಿದ್ದರೆ? ಮತ್ತೆ ಮಳೆಗಾಲ ಕಳೆದ ಕ್ಯಾಸೆಟ್ಟಿನ ಮೇಲೆ ಬಿಳಿ ಪುಡಿ ಕೂತಿರುತ್ತಲ್ಲ, ಅದನ್ನು ಹಾಕಿ ಓಡಿಸಬಹುದಾ?

ಹಳೇ_ಕ್ಯಾಸೆಟ್ (ಹೊಸನಗರ)

ಓಡಿಸಬೇಡಿ! ಅದು ಬೂಷ್ಟು. ಹೆಡ್ಡಿಗೆ, ರಬ್ಬರ್ ರೋಲರಿಗೆ ಅಂಟಿಕೊಂಡು ಮುಂದೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ, ಮರದ ಕಪಾಟಿನಲ್ಲಿಟ್ಟ ಟೇಪಿಗೆ ಬೂಷ್ಟು ಬಾರದೆ ಇರಲ್ಲ.

ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ವಾರ ಇಡಿ. ಬಿಸಿಲಿಗೆ, ಒಲೆ ಮೇಲಿನ ಅಟ್ಟಕ್ಕೆ ಇಡಬೇಡಿ, ಟೇಪ್ ಸೊಟ್ಟಗಾಗುತ್ತೆ. ಪುಡಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಕೂತು, ಮೆತ್ತನೆ ಒಣ ಬ್ರಶ್‌ನಲ್ಲಿ ಸುರುಳಿಯ ಅಂಚು ಉದುರಿಸಿ. ಕವಚಕ್ಕೆ ಐದು ಸ್ಕ್ರೂ ಇದ್ದರೆ ಬಿಚ್ಚಿ, ಬೇರೆ ಶುದ್ಧ ಕವಚಕ್ಕೆ ಸುರುಳಿ ವರ್ಗಾಯಿಸಿ. ಟೇಪನ್ನು ಒತ್ತುವ ಸಣ್ಣ ಫೆಲ್ಟ್ ತುಂಡು ಹೊಸ ಕವಚದಲ್ಲಿ ಇದೆಯಾ ನೋಡಿಕೊಳ್ಳಿ, ಅದಿಲ್ಲದಿದ್ದರೆ ಸಕಾರ ಶಕಾರ ಎಲ್ಲ ಮಾಯ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚ ಆದರೆ ಅಂಚಿಗೆ ಬ್ಲೇಡ್ ಹಾಕಿ ಬಿಡಿಸಬೇಕು, ಅಭ್ಯಾಸ ಇಲ್ಲದವರು ಬೆಲೆಬಾಳುವ ಟೇಪಿನ ಮೇಲೆ ಶುರುಮಾಡಬೇಡಿ. ಒಂದು ಸಲ ಓಡಿಸಿದ ಮೇಲೆ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ಕಂಪನಿ ಕ್ಯಾಸೆಟ್ಟಿನ ವೇಗ ಸಾಧಾರಣವಾಗಿ ಸರಿ ಇರುತ್ತೆ, ಅಲ್ಲಿ ತಪ್ಪುವುದು ಹೆಡ್ಡಿನ ಓರೆ. ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಹಾಡು ಓಡ್ತಾ ಇದ್ದ ಹಾಗೇ ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸಿ, ತಾಳದ ಕಿಣಿಕಿಣಿ ಎಲ್ಲಿ ಅತಿ ಹೆಚ್ಚು ಕೇಳುತ್ತೋ ಅಲ್ಲಿ ನಿಲ್ಲಿಸಿ. ರತ್ನಮಾಲಾ ಪ್ರಕಾಶ್ ಅವರ ಭಾವಗೀತೆಗಳನ್ನು ಹೀಗೆ ಸರಿಮಾಡಿದ ಪ್ರತಿಯಲ್ಲಿ ಕೇಳಿ, ಸಾಲಿನ ನಡುವೆ ಉಸಿರು ಎಲ್ಲಿ ತಗೊಂಡರು ಅನ್ನೋದೂ ತಿಳಿಯುತ್ತೆ. ಪದ ಒಡೆಯುವ ಕಡೆ ಒಮ್ಮೆಯೂ ತಗೊಳ್ಳೋದಿಲ್ಲ.

'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಜೋಗದ ಸಿರಿ ಬರೆದ ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಕುವೆಂಪು ಕುಪ್ಪಳಿಯವರು, ಜಿ.ಎಸ್. ಶಿವರುದ್ರಪ್ಪ ಶಿಕಾರಿಪುರದವರು, ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರು. ಭಾವಗೀತೆ ಅಂದರೆ ಅರ್ಧ ನಮ್ಮ ಊರಿನ ಮಾತು. ಆ ಟೇಪುಗಳು ನಮ್ಮ ಅಟ್ಟದಲ್ಲೇ ಬೂಷ್ಟು ಹಿಡಿದು ಹೋಗೋದು ಸರಿಯಲ್ಲ.

ಡಗ್ಗಾ (ಕೊಪ್ಪ)

ಮೈಕ್ ಅಣ್ಣ "ಎರಡು ಕೀ ಮೇಲೆ ತಗೊಳ್ಳಿ" ಅಂತ ಸುಲಭವಾಗಿ ಹೇಳಿಬಿಟ್ರು. ಕೀಬೋರ್ಡಿನವರು ಬಟನ್ ಒತ್ತಿದರೆ ಆಯ್ತು. ತಬಲಾ? ಒಂದು ದಾಯಾಂ (ಬಲಗೈಯ ತಬಲಾ) ಅದರ ಶ್ರುತಿಯಿಂದ ಅತ್ತ ಒಂದು ಕೀ, ಇತ್ತ ಒಂದು ಕೀ ಹೋದರೆ ಹೆಚ್ಚು. ಅದಕ್ಕಿಂತ ಎಳೆದರೆ ಚರ್ಮ ಹರಿಯುತ್ತೆ, ಇಳಿಸಿದರೆ ನಾದ ಸತ್ತುಹೋಗುತ್ತೆ.

ಹೆಣ್ಣುಮಕ್ಕಳು ಕಪ್ಪು ನಾಲ್ಕರಲ್ಲಿ ಹಾಡುವಾಗ ಷಡ್ಜಕ್ಕೇ ಕೂರಿಸಬೇಕು ಅಂತಿಲ್ಲ. ಪಂಚಮಕ್ಕೆ ಕೂರಿಸಿ, ಅಂದರೆ ಕಪ್ಪು ಎರಡು. ಹಾಡಿನಲ್ಲಿ ಪಂಚಮ ಇಲ್ಲದೆ ಮಧ್ಯಮ ಜೋರಾಗಿದ್ದರೆ ಮಧ್ಯಮಕ್ಕೆ, ಅಂದರೆ ಕಪ್ಪು ಒಂದು. ಮಳೆಗಾಲದಲ್ಲಿ ಚರ್ಮ ತೇವ ಎಳೆದು ಶ್ರುತಿ ಇಳಿಯುತ್ತೆ, ವೇದಿಕೆಯ ಹ್ಯಾಲೋಜನ್ ಬೆಳಕು ಬಿದ್ದು ಅರ್ಧ ಗಂಟೆಗೆ ಮೇಲೇರುತ್ತೆ. ಹಾಗಾಗಿ ಬೆಳಕು ಹಾಕಿ ಸ್ವಲ್ಪ ಹೊತ್ತಾದ ಮೇಲೆ ಕೂರಿಸಿ, ಮೊದಲೇ ಅಲ್ಲ.

ಕರೋಕೆ ಟ್ರ್ಯಾಕಿನವರಿಗೂ ಇದೇ ಮಾತು. ಫೋನಿನಲ್ಲಿ ಎರಡು ಕೀವರೆಗೆ ಬದಲಿಸಿದರೆ ನಡೆಯುತ್ತೆ, ಮೂರಕ್ಕೆ ತಬಲಾ ಡಬ್ಬಿ ಬಡಿದ ಹಾಗೆ ಕೇಳುತ್ತೆ.

ಮುಂಗಾರು_ಪ್ಲೇಲಿಸ್ಟ್ (ಶಿವಮೊಗ್ಗ)

ಹಾಗಾದರೆ ಒಂದು ಪ್ರಶ್ನೆ, ಕಪ್ಪು_ನಾಲ್ಕು ಅಕ್ಕನಿಗೆ. ಕುವೆಂಪು ರಂಗಮಂದಿರದಲ್ಲಿ ಬರೀ ಗಾಯಕಿಯರ ಹಾಡಿನ ಎರಡು ಗಂಟೆ ಕಾರ್ಯಕ್ರಮ ಅಂತಿಟ್ಟುಕೊಳ್ಳಿ. ಹಳೇದು ಹೊಸದು ಎರಡೂ ಬೇಕು, ನಾಲ್ಕು ಹುಡುಗಿಯರು. ಹೇಗೆ ಜೋಡಿಸ್ತೀರಿ?

ಕಪ್ಪು_ನಾಲ್ಕು (ಸಾಗರ)

ಹಾಡು ಆರಿಸೋ ಮೊದಲು ಹುಡುಗಿಯರ ಶ್ರುತಿ ಆರಿಸಿ. ಪ್ರತಿಯೊಬ್ಬಳೂ ಅಕಾರದಲ್ಲಿ ನಿಧಾನ ಕೆಳಗಿಳಿಯಲಿ, ದನಿ ಗಾಳಿಯಾಗುವ ಕೀ ಗುರುತು ಹಾಕಿ, ಅದಕ್ಕಿಂತ ಎರಡು ಕೀ ಮೇಲಿನದು ಅವಳ ತಳ. ಮೇಲೆಯೂ ಹಾಗೇ, ಗಂಟಲು ಬಿಗಿಯೋ ಕೀಗಿಂತ ಎರಡು ಕೆಳಗೆ. ಈ ಎರಡರ ಮಧ್ಯೆ ಹಾಡಿನ ಅತಿ ಕೆಳ, ಅತಿ ಮೇಲಿನ ಸ್ವರ ಕೂರಬೇಕು. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಹೋಗುವ ಭಾವಗೀತೆಗೆ 21 ಕೀ ವಿಸ್ತಾರ ಬೇಕು. ಎಲ್ಲರಿಗೂ ಅಷ್ಟಿರಲ್ಲ, ಇದ್ದವಳಿಗೇ ಆ ಹಾಡು ಕೊಡಿ. ರಿಯಾಲಿಟಿ ಶೋ ನೋಡಿ ಬಂದ ಮಕ್ಕಳು ಸಾಲುಸಾಲಿಗೂ ಬಿರ್ಕಾ (ವೇಗವಾಗಿ ಉರುಳಿಸುವ ಸ್ವರಗಳು) ಹಾಕೋಕೆ ಹೊರಡ್ತಾರೆ, ಮೊದಲ ಅಭ್ಯಾಸ ಪೂರ್ತಿ ಅಲಂಕಾರವಿಲ್ಲದೆ ಹಾಡಿಸಿ.

ಜೋಡಣೆಗೆ ಡಗ್ಗಾ ಅವರ ಲೆಕ್ಕ ಹಿಡಿಯಿರಿ. ಪಂಚಮಕ್ಕೆ ಕೂರುವ ಹಾಡೆಲ್ಲ ಮೊದಲರ್ಧ, ಮಧ್ಯಮಕ್ಕೆ ಕೂರುವುದೆಲ್ಲ ಎರಡನೇ ಅರ್ಧ. ಸುಮಿತ್ರಾ ಅವರ ಶೈಲಿಯ ನೇರ ಹಾಡುಗಳಿಂದ ಶುರು, ಗಂಟಲು ಕಾಯ್ದ ಮೇಲೆ ಜಾನಕಿ. ಪಿಸುದನಿಯ ಹೊಸ ಹಾಡನ್ನು 'ಕೆಜಿಎಫ್' ಥರದ್ದರ ಪಕ್ಕ ಇಡಬೇಡಿ, ಜನರ ಕಿವಿ ಜೋರಿಗೆ ಹೊಂದಿಕೊಂಡಿರುತ್ತೆ, ಮೊದಲ ಎರಡು ಸಾಲು ಯಾರಿಗೂ ಕೇಳಲ್ಲ. ಎರಡರ ನಡುವೆ ಬರೀ ತಂಬೂರಿ ಇಟ್ಟು ಒಂದು ಅಕ್ಕಮಹಾದೇವಿ ವಚನ. ಉಡುತಡಿ ಇರೋದು ಇದೇ ಜಿಲ್ಲೆಯಲ್ಲಿ, ಅವಳ ಮಾತಿಲ್ಲದೆ ಹೆಣ್ಣುದನಿಯ ಕಾರ್ಯಕ್ರಮ ಯಾಕೆ ಮಾಡಬೇಕು?

ಡಗ್ಗಾ (ಕೊಪ್ಪ)

ಹೀಗೆ ಜೋಡಿಸಿದರೆ ಎರಡೇ ದಾಯಾಂ ಸಾಕು, ಕಪ್ಪು ಎರಡಕ್ಕೊಂದು, ಕಪ್ಪು ಒಂದಕ್ಕೊಂದು. ವಚನ ಹಾಡುವ ಹೊತ್ತಿನಲ್ಲಿ ಎರಡನೇದನ್ನು ಕೂರಿಸಿಕೊಳ್ಳಬಹುದು. ಸುತ್ತಿಗೆ ಸದ್ದು ತಂಬೂರಿಗೆ ಅಡ್ಡ ಬಾರದ ಹಾಗೆ ಪರದೆ ಹಿಂದೆ.